ಗುಂಪು ಕಲಿಕೆಗೂ ಮುಯ್ಯಾಳಿನ ಲೆಕ್ಕ

ಸಿರಸಂಗಿ ಕಡೆಯ ಎರೆಹೊಲದಲ್ಲಿ ಜೋಳ ಕೀಳುವ ಸುಗ್ಗಿಗೆ ಮುಯ್ಯಾಳು ಹೋದವರಿಗೆ ಗುಂಪು ಕಲಿಕೆಯನ್ನು ಬಿಡಿಸಿ ಹೇಳಬೇಕಿಲ್ಲ. ಇಂದು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು. ಬಾರದವನ ಹೊಲಕ್ಕೆ ಮುಂದಿನ ಸಲ ಯಾರೂ ಇಲ್ಲ. ಶಾಲೆಯಲ್ಲಿ ತಪ್ಪುವುದು ಈ ಕೊನೆಯ ಲೆಕ್ಕವೇ.

ಮಕ್ಕಳನ್ನು ಕೇಳಿ ನೋಡಿ. “ಸರ್ ಹೇಳಿದಾಗ ತಿಳೀಲಿಲ್ರಿ, ಬಾಜೂದಾಕಿ ಹೇಳಿದ್ಲು, ತಿಳೀತು” ಎನ್ನುತ್ತಾರೆ. ನಾಲ್ವರ ಗುಂಪಿನಲ್ಲಿ ತಪ್ಪಿದರೆ ನಗುವವರು ಮೂರೇ ಮಂದಿ, ಇಡೀ ವರ್ಗವಲ್ಲ ಎಂಬ ಧೈರ್ಯ ಬೇರೆ. ತಕರಾರೂ ಅಷ್ಟೇ ಸ್ಪಷ್ಟ: “ಬರಿಯೋದು ನಾ ಒಬ್ಬಾಕಿ, ಹೆಸರು ಎಲ್ಲಾರ್ದು.”

ಸಣ್ಣ ಮಕ್ಕಳ ಮಟ್ಟಿಗೆ ನಮ್ಮ ಸರ್ಕಾರಿ ಶಾಲೆಗಳ ನಲಿ-ಕಲಿ ಪದ್ಧತಿ ಇದಕ್ಕೊಂದು ದಾರಿ ಕಂಡುಕೊಂಡಿದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದದ್ದು. ಒಂದರಿಂದ ಮೂರನೇ ತರಗತಿಯವರು ಒಂದೇ ಕೋಣೆಯಲ್ಲಿ. ಗೋಡೆಯ ಕಲಿಕಾ ಏಣಿಯಲ್ಲಿ ತನ್ನ ಮೆಟ್ಟಿಲು ನೋಡಿ, ಅದೇ ಚಿತ್ರದ ಕಾರ್ಡು ಹುಡುಕಿ, ಮಗು ತನ್ನ ‘ತಟ್ಟೆ’ಗೆ, ಅಂದರೆ ಗುಂಪಿಗೆ, ಹೋಗಿ ಕೂಡುತ್ತದೆ. ಶಿಕ್ಷಕರ ಪೂರ್ತಿ ನೆರವು ಬೇಕಾದವರಿಗೊಂದು ತಟ್ಟೆ, ಸಹಪಾಠಿಯ ನೆರವು ಸಾಕಾದವರಿಗೊಂದು, ತಾನೇ ಕಲಿಯುವವರಿಗೊಂದು, ಹೀಗೆ ಐದು. ಮೆಟ್ಟಿಲು ಬದಲಾದಂತೆ ತಟ್ಟೆಯೂ ಬದಲು. ಕನ್ನಡದಲ್ಲಿ ಗೆಳತಿಯ ಕಡೆ ಹೇಳಿಸಿಕೊಂಡವಳು ಗಣಿತದಲ್ಲಿ ಅವಳಿಗೇ ಹೇಳಿಕೊಡಬಹುದು. ಮುಯ್ಯಿ ತೀರಿತು.

ದೊಡ್ಡ ತರಗತಿಗೆ ಮನಶ್ಶಾಸ್ತ್ರಜ್ಞ ಎಲಿಯಟ್ ಆರನ್‌ಸನ್ 1971ರಲ್ಲಿ ಅಮೆರಿಕದ ಆಸ್ಟಿನ್‌ನಲ್ಲಿ ಹೂಡಿದ ಉಪಾಯ ಒಳ್ಳೆಯದು: ಪಾಠವನ್ನೇ ಹರಿದು ಹಂಚುವುದು. ನಮ್ಮ ಮಲಪ್ರಭೆಯನ್ನೇ ತಗೊಳ್ಳಿ. ನಾಲ್ವರ ಗುಂಪಿನಲ್ಲಿ ಒಬ್ಬನಿಗೆ ಕಣಕುಂಬಿಯ ಉಗಮ, ಒಬ್ಬಳಿಗೆ ನವಿಲುತೀರ್ಥದ ಆಣೆಕಟ್ಟು, ಇನ್ನೊಬ್ಬನಿಗೆ ಕಾಲುವೆ ಮತ್ತು ಬೆಳೆ, ಕೊನೆಯವಳಿಗೆ ಕೃಷ್ಣೆಯನ್ನು ಸೇರುವ ಕೂಡಲಸಂಗಮ. ಒಬ್ಬರ ಚೀಟಿ ಇನ್ನೊಬ್ಬರಿಗೆ ಸಿಗಕೂಡದು. ಮೊದಲು ಎಲ್ಲ ಗುಂಪುಗಳ ‘ಆಣೆಕಟ್ಟಿನವರು’ ಒಂದು ಕಡೆ ಕೂಡಿ ತಮ್ಮ ಭಾಗ ಗಟ್ಟಿ ಮಾಡಿಕೊಳ್ಳಬೇಕು, ಉಳಿದವರೂ ಹಾಗೆಯೇ. ಆಮೇಲೆ ಸ್ವಂತ ಗುಂಪಿಗೆ ಮರಳಿ ಹೇಳಿಕೊಡಬೇಕು. ಜಾಣೆಗೂ ಈಗ ಹಿಂದಿನ ಬೆಂಚಿನ ಹುಡುಗನ ಮಾತು ಕೇಳದೆ ಗತಿಯಿಲ್ಲ.

ಗದ್ದಲ ಆಗೇ ಆಗುತ್ತದೆ. ಪಕ್ಕದ ಕೋಣೆಯವರು ಇಣುಕಿ ಹೋಗಲಿ ಬಿಡಿ. ಬೆಂಚು ಅಲುಗದ ಕೋಣೆಯಾದರೆ ಮುಂದಿನ ಬೆಂಚಿನವರು ಹಿಂದಕ್ಕೆ ತಿರುಗಿ ಕೂತರೂ ನಡೆದೀತು. ಅಂಕ ಮಾತ್ರ ಗುಂಪಿಗಲ್ಲ, ಒಬ್ಬೊಬ್ಬರಿಗೆ. ಕಾಲುವೆ ಓದಿದವನಿಗೆ ಕಣಕುಂಬಿಯ ಪ್ರಶ್ನೆ ಕೇಳಿ. ಅವನು ತಡವರಿಸಿದರೆ ಅವನ ಗುಂಪಿನ ಉಗಮದವನನ್ನೂ ಎಬ್ಬಿಸಿ ನಿಲ್ಲಿಸಿ.