ಕರೆದವನನ್ನು ಮರಳಿ ಕರೆಯುವ ಯಂತ್ರಗಳು

ಟೆಲಿಫೋನಿನಲ್ಲಿ ಒಬ್ಬಾತನು ‘ನಾನು ನಿಮ್ಮ ಸೋದರಮಾವ’ ಎನ್ನುತ್ತಾನೆಂದು ಭಾವಿಸೋಣ. ಧ್ವನಿ ಅಸ್ಪಷ್ಟವಾಗಿದೆ. ಮಾತು ನಿಜವೇ ಎಂದು ತಿಳಿಯುವ ಬಗೆ ಹೇಗೆ? ‘ಕೆಳಗಿಡಿ, ನಾವೇ ಕರೆಯುತ್ತೇವೆ’ ಎಂದು ಹೇಳಿ, ನಮ್ಮ ಪುಸ್ತಕದಲ್ಲಿ ಬರೆದಿಟ್ಟಿರುವ ಸಂಖ್ಯೆಗೆ ಕರೆದರಾಯಿತು. ಉತ್ತರಿಸಿದವನು ಮಾವನೇ ಆದರೆ ಸಂದೇಹ ತೀರಿತು. ಕರೆಯ ವೆಚ್ಚವೂ ಆತನ ಮೇಲೆ ಬೀಳಲಿಲ್ಲ. ಈ ಸರಳ ಉಪಾಯವನ್ನೇ ಗಣಕಜಾಲಗಳ ಯಂತ್ರಗಳೂ ಅನುಸರಿಸಿದುವು.

ಒಂದು ಜಾಲದಿಂದ ಇನ್ನೊಂದಕ್ಕೆ ಸಾಗುವ ಮಾಹಿತಿಗೆ ದಾರಿ ತೋರಿಸುವ ಯಂತ್ರಕ್ಕೆ ರೂಟರ್ ಎಂದು ಹೆಸರು. 1990ರ ದಶಕದಲ್ಲಿ ಹಗಲಿರುಳೂ ತೆರೆದಿರುವ ಬಾಡಿಗೆಯ ತಂತಿಗಳು ಬಹು ದುಬಾರಿಯಾಗಿದ್ದುವು. ಆದುದರಿಂದ ಅನೇಕ ಸಂಸ್ಥೆಗಳಲ್ಲಿ ಶಾಖೆಯ ರೂಟರು ಅಗತ್ಯ ಬಿದ್ದಾಗ ಮಾತ್ರ ಕೇಂದ್ರದ ರೂಟರನ್ನು ಟೆಲಿಫೋನಿನ ಮೂಲಕ ಕರೆಯುತ್ತಿತ್ತು. ಸಾಧಾರಣ ಟೆಲಿಫೋನ್ ತಂತಿಯು ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ಧ್ವನಿಯನ್ನು ಒಯ್ಯುತ್ತದೆ. ಗಣಕದ ಅಂಕಿಗಳನ್ನು ಈ ಮಿತಿಯೊಳಗಿನ ಸಂಕೇತಗಳಾಗಿ ಮಾರ್ಪಡಿಸುವ ಕೆಲಸ ಮೋಡೆಮ್ಮಿನದು. ಇಂಥ ಸಂಪರ್ಕಗಳಿಗೆ ಪಿ.ಪಿ.ಪಿ. ಎಂಬ ನಿಯಮಾವಳಿಯಿದೆ. ‘ನನ್ನನ್ನು ಮರಳಿ ಕರೆ’ ಎಂದು ಕೋರುವ ವಿಧಾನವನ್ನು 1994ರ ಜನವರಿಯಲ್ಲಿ ಪ್ರಕಟವಾದ ಆರ್.ಎಫ್.ಸಿ. 1570 ಎಂಬ ದಾಖಲೆ ವಿವರಿಸಿತು.

ವ್ಯವಹಾರ ನಡೆಯುವ ಕ್ರಮವನ್ನು ನೋಡೋಣ. ಮೊದಲು ಶಾಖೆಯು ಕರೆಯುತ್ತದೆ. ಎರಡೂ ಯಂತ್ರಗಳು ನಿಯಮಗಳನ್ನು ಒಪ್ಪಿಕೊಳ್ಳುತ್ತವೆ. ಆಗಲೇ ಶಾಖೆಯು ಮರುಕರೆಯನ್ನು ಕೋರುತ್ತದೆ. ಅನಂತರ ಕೇಂದ್ರವು ಮೊದಲೇ ಊಹಿಸಲಾಗದ ಒಂದು ಸಂಖ್ಯೆಯನ್ನು ಒಡ್ಡುತ್ತದೆ. ಶಾಖೆಯು ಅದನ್ನು ತನ್ನ ಗುಪ್ತಪದದೊಡನೆ ಬೆರೆಸಿ, ಲೆಕ್ಕ ಮಾಡಿ, ಫಲವನ್ನು ಮಾತ್ರ ಕಳುಹಿಸುತ್ತದೆ. ಗುಪ್ತಪದವು ತಂತಿಯ ಮೇಲೆ ಹಾಯುವುದೇ ಇಲ್ಲ. ಉತ್ತರ ಸರಿಯಾಗಿದ್ದರೆ ಕೇಂದ್ರವು ತನ್ನ ಪಟ್ಟಿಯಲ್ಲಿ ಶಾಖೆಯ ಹೆಸರಿಗೆ ತಕ್ಕ ಸಂಖ್ಯೆಯನ್ನು ಹುಡುಕಿ, ಕರೆಯನ್ನು ಕಡಿದು, ಕೆಲವು ಕ್ಷಣಗಳ ಬಳಿಕ ತಾನೇ ಕರೆಯುತ್ತದೆ.

ಸಂಪರ್ಕವು ಕೂಡಿಬಾರದಿದ್ದರೆ? ಇಲ್ಲೊಂದು ವಿಚಿತ್ರವಿದೆ. ಬೇರೆಡೆ ಕರೆಯು ಕಡಿದುಹೋಗುವುದು ದೋಷದ ಲಕ್ಷಣ. ಇಲ್ಲಾದರೋ ಅದೇ ಅರ್ಧ ಯಶಸ್ಸು! ಆದ್ದರಿಂದ ‘ಕರೆ ಕಡಿಯಿತು’ ಎಂದಷ್ಟೇ ತಿಳಿದರೆ ಸಾಲದು. ಯಾವ ಹಂತದಲ್ಲಿ ಕಡಿಯಿತೆಂಬುದನ್ನು ತಿಳಿಯಬೇಕು. ಎರಡು ರೂಟರುಗಳ ಗಡಿಯಾರಗಳನ್ನು ಸರಿಹೊಂದಿಸಿ, ಅವುಗಳ ದಿನಚರಿಗಳನ್ನು ಅಕ್ಕಪಕ್ಕದಲ್ಲಿಟ್ಟು ಓದುವುದೇ ಇದಕ್ಕೆ ಮಾರ್ಗ.

ಕೇಂದ್ರಕ್ಕೆ ಕರೆಯೇ ಮುಟ್ಟದಿದ್ದರೆ ತಂತಿ, ಮೋಡೆಮ್, ಕರೆದ ಸಂಖ್ಯೆ ಇವುಗಳನ್ನು ಪರೀಕ್ಷಿಸಬೇಕು. ಪರೀಕ್ಷೆಯಲ್ಲಿ ಶಾಖೆ ತೇರ್ಗಡೆಯಾಗದೆ ಕರೆ ಕಡಿದರೆ ಎರಡೂ ಕಡೆಯ ಹೆಸರು ಮತ್ತು ಗುಪ್ತಪದಗಳನ್ನು ಹೋಲಿಸಬೇಕು. ತೇರ್ಗಡೆಯಾದ ಮೇಲೆ ಕಡಿದರೂ ಮರುಕರೆ ಬಾರದಿದ್ದರೆ ಕೇಂದ್ರದ ಪಟ್ಟಿಯನ್ನೇ ನೋಡಬೇಕು: ಅಲ್ಲಿ ಶಾಖೆಯ ಸಂಖ್ಯೆ ಇಲ್ಲದಿರಬಹುದು, ಅಥವಾ ಹೊರ ಊರಿಗೆ ಕರೆಯಲು ಬೇಕಾದ ಮೊದಲ ಅಂಕಿಗಳು ಬಿಟ್ಟುಹೋಗಿರಬಹುದು.

ಎಲ್ಲವೂ ಸರಿಯಿದ್ದು ಸಂಪರ್ಕ ಸಿಕ್ಕದಿರುವುದೂ ಉಂಟು. ಶಾಖೆಯಲ್ಲಿ ಮಾಹಿತಿ ಕಾದಿದೆ. ಕರೆ ಕಡಿದೊಡನೆ ಅದು ಆತುರದಿಂದ ಮತ್ತೆ ಕರೆಯುತ್ತದೆ. ಅದೇ ಕ್ಷಣದಲ್ಲಿ ಕೇಂದ್ರವೂ ಕರೆಯುತ್ತದೆ. ಒಂದಕ್ಕೊಂದು ಬಿಡುವಿಲ್ಲದಂತೆ ತೋರುತ್ತದೆ. ಇಕ್ಕಟ್ಟಾದ ಬಾಗಿಲಲ್ಲಿ ಎದುರಾದ ಇಬ್ಬರ ಪಾಡು ಇದು. ಪರಿಹಾರವೇನು? ಕಾಯುವ ಅವಧಿಗಳು ಅಸಮವಾಗಿರಬೇಕು. ಕೇಂದ್ರವು 5 ಸೆಕೆಂಡು ಕಾಯುವುದಾದರೆ, ಶಾಖೆಯು 30 ಸೆಕೆಂಡು ಸುಮ್ಮನಿರಲಿ. ಮಾಹಿತಿಯು ಅಷ್ಟು ಹೊತ್ತು ಶಾಖೆಯ ಸರದಿಯಲ್ಲಿ ನಿಂತಿರಲಿ.

ಇನ್ನೊಂದು ಅಪಾಯವನ್ನು ಮರೆಯಬಾರದು. ಕೆಲವು ಟೆಲಿಫೋನ್ ವಿನಿಮಯ ಕೇಂದ್ರಗಳಲ್ಲಿ ಕರೆದವನು ಕೆಳಗಿಡುವವರೆಗೆ ತಂತಿ ಬಿಡುಗಡೆಯಾಗುತ್ತಿರಲಿಲ್ಲ. ವಂಚಕನು ತಂತಿಯನ್ನು ಹಿಡಿದುಕೊಂಡೇ ಡಯಲ್ ಧ್ವನಿಯನ್ನು ಅನುಕರಿಸಿದರೆ, ಯಂತ್ರವು ಮಾವನನ್ನು ಕರೆದೆನೆಂದು ನಂಬಿ ಅದೇ ವಂಚಕನೊಡನೆ ಮಾತನಾಡುತ್ತಿತ್ತು! ಆದ್ದರಿಂದ ಬೇರೆ ತಂತಿಯಲ್ಲಿ ಮರುಕರೆ ಮಾಡುವುದೂ, ಎರಡನೆಯ ಸಲವೂ ಗುಪ್ತಪದವನ್ನು ಪರೀಕ್ಷಿಸುವುದೂ ಕ್ಷೇಮ.

ನಮ್ಮ ದೇಶದಲ್ಲಿ 1995ರ ಆಗಸ್ಟ್ 15ರಂದು ಸಾರ್ವಜನಿಕರಿಗೆ ತೆರೆದ ಅಂತರಜಾಲವನ್ನು ಮನೆಗಳು ಮುಟ್ಟಿದುದು ಈ ಟೆಲಿಫೋನ್ ದಾರಿಯಿಂದಲೇ. ಈಗ ಅದು ಬಹುಮಟ್ಟಿಗೆ ಬರಿದಾಗಿದೆ. ಆದರೆ ಬ್ಯಾಂಕಿನವನೆಂದು ಹೇಳಿಕೊಂಡು ಯಾರಾದರೂ ಗುಪ್ತಸಂಖ್ಯೆಯನ್ನು ಕೇಳಿದಾಗ, ವಾಚಕರು ಏನನ್ನೂ ತಿಳಿಸದೆ ಕರೆಯನ್ನು ಕಡಿದು, ತಮ್ಮ ಕಾರ್ಡಿನ ಮೇಲೆ ಅಚ್ಚಾಗಿರುವ ಸಂಖ್ಯೆಗೆ ತಾವೇ ಕರೆಯಲಿ. ಹಳೆಯ ರೂಟರುಗಳು ಮಾಡುತ್ತಿದ್ದುದೂ ಅಷ್ಟೇ.