ಅಜ್ಜನ ಕಾಲದ ಕೋವಿಗೆ ಉಪ್ಪುಕಾಗದ ಬೇಡ

ಹಳೇ ಕೋವಿ ಮನೆಯಲ್ಲಿದ್ದರೆ ಮೊದಲು ಅದರಲ್ಲಿ ತೋಟಾ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಬಳಿಕ ನಳಿಗೆ ನೋಡಿ. ಒಳಗೆ ಸುರುಳಿ ಗೀರುಗಳಿದ್ದರೆ ರೈಫಲ್. ನುಣುಪಾಗಿದ್ದರೆ ಚರೆ ಕೋವಿ.

ತೇಜಸ್ವಿಯವರ ‘ಕಾಡಿನ ಕತೆಗಳು’ ಓದಿದವರಿಗೆ ಬೆಂಗಳೂರಿನ ಶಿಕಾರಿ ಕೆನೆತ್ ಆಂಡರ್ಸನ್ ಪರಿಚಿತರು. ಅವರದು ಅಮೆರಿಕದ ವಿಂಚೆಸ್ಟರ್ ಕಂಪನಿಯ 1895ನೇ ಮಾದರಿಯ .405 ರೈಫಲ್. ಇದನ್ನು ಗುರುತಿಸುವುದು ಸುಲಭ. ಟ್ರಿಗರಿನ ಸುತ್ತ ಕೆಳಕ್ಕೆ ಎಳೆಯುವ ಲಿವರ್ ಇರುತ್ತದೆ. ಅದೇ ಕಂಪನಿಯ 1894ರ ಮಾದರಿಯಲ್ಲಿ ತೋಟಾ ತುಂಬುವುದು ನಳಿಗೆಯಡಿಯ ಕೊಳವೆಗೆ. ಇದರಲ್ಲಿ ಲಿವರಿನ ಮುಂದಿರುವ ಪೆಟ್ಟಿಗೆಗೆ. ಕೊಳವೆಯಲ್ಲಾದರೆ ಚೂಪು ಗುಂಡು ಮುಂದಿನ ತೋಟಾದ ಕೇಪಿಗೆ ತಾಗಿ ಸಿಡಿಯುವ ಭಯ, ಪೆಟ್ಟಿಗೆಯಲ್ಲಿ ಅದಿಲ್ಲ. ನಳಿಗೆಯ ಮೇಲೆ ‘ಜಪಾನ್’ ಎಂದಿದ್ದರೆ ಅದು ಹಳೆಯದಲ್ಲ, ಈಚಿನ ಮರುತಯಾರಿಕೆ.

ಮಾದರಿ, ಬೋರು, ಸೀರಿಯಲ್ ನಂಬರುಗಳ ಅಕ್ಷರಗಳೇ ಕೋವಿಯ ಜಾತಕ. ನಂಬರಿನಿಂದ ತಯಾರಾದ ವರ್ಷವನ್ನು ತಿಳಿಯಬಹುದು. ಉಪ್ಪುಕಾಗದದಿಂದ ಉಜ್ಜಿದರೆ, ಹೊಸ ಬಣ್ಣ ಕೊಡಿಸಿದರೆ ಗುರುತೂ ಹೋಯಿತು, ಬೆಲೆಯೂ ಹೋಯಿತು. ಮೆತ್ತನೆ ಬಟ್ಟೆಯಲ್ಲಿ ತೆಳುವಾಗಿ ಎಣ್ಣೆ ಒರೆಸಿದರೆ ಸಾಕು.

ನಂಬರನ್ನು ಲೈಸೆನ್ಸಿನೊಡನೆ ತಾಳೆ ನೋಡಿ. ಲೈಸೆನ್ಸುದಾರರು ತೀರಿಕೊಂಡಿದ್ದರೆ ಕೋವಿಯನ್ನು ಠಾಣೆಗೋ ಲೈಸೆನ್ಸುಳ್ಳ ವ್ಯಾಪಾರಿಗೋ ಒಪ್ಪಿಸಿ, ರಸೀದಿ ಪಡೆದು, ವಾರಸುದಾರರು ಅರ್ಜಿ ಹಾಕಬೇಕು. ಪರಿಣತರು ಪರೀಕ್ಷಿಸುವ ತನಕ ಹಾರಿಸಿ ನೋಡುವ ಆಸೆ ಬೇಡ.