ಬೆಟ್ಟದ ಹಾದಿಯಲ್ಲಿ ವರ್ತಕರ ಬಳಗ

ವ್ಯಾಪಾರ ಹಾಗೂ ಸಣ್ಣ ಉದ್ದಿಮೆಗಳಲ್ಲಿ ತೊಡಗಿರುವವರ ದಿನಚರಿ ಎಂಥದೆಂಬುದನ್ನು ಈ ಪತ್ರಿಕೆಯ ವಾಚಕರಿಗೆ ವಿವರಿಸಬೇಕಾದ ಅಗತ್ಯವಿಲ್ಲ. ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆದಾಗಿನಿಂದ ರಾತ್ರಿ ಗಲ್ಲಾ ಎಣಿಸುವವರೆಗೆ ಕುಳಿತಲ್ಲಿಯೇ ಕೆಲಸ. ತಿಂಗಳ 11ಕ್ಕೆ ಒಂದು ಜಿಎಸ್‌ಟಿ ವಿವರಪಟ್ಟಿ, 20ಕ್ಕೆ ಇನ್ನೊಂದು. ನಡುನಡುವೆ ಬ್ಯಾಂಕಿನ ಕಂತು, ಕಾರ್ಮಿಕರ ವೇತನ, ಬಾಕಿ ವಸೂಲಿ. ಯಂತ್ರೋಪಕರಣಗಳಿಗೆ ಪ್ರತಿ ವರ್ಷವೂ ತಪ್ಪದೆ ಸವಕಳಿ ಬರೆಯುವ ನಾವು ನಮ್ಮ ಶರೀರದ ಸವಕಳಿಯನ್ನು ಯಾವ ಖಾತೆಗೂ ಹಾಕುವುದಿಲ್ಲ. ಅದು ಒಂದು ದಿನ ಆಸ್ಪತ್ರೆಯ ಬಿಲ್ಲಿನ ರೂಪದಲ್ಲಿ ಒಟ್ಟಾಗಿ ನಮ್ಮೆದುರು ಬಂದು ನಿಲ್ಲುತ್ತದೆ.

ವಯಸ್ಕರು ವಾರಕ್ಕೆ 150ರಿಂದ 300 ನಿಮಿಷಗಳಷ್ಟು ಮಧ್ಯಮ ಪ್ರಮಾಣದ ದೈಹಿಕ ಚಟುವಟಿಕೆಯಲ್ಲಿ ತೊಡಗಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಸಲಹೆ ನೀಡಿದೆ. ತಿಂಗಳಿಗೊಮ್ಮೆ ಬೆಟ್ಟ ಹತ್ತಿದ ಮಾತ್ರಕ್ಕೆ ಈ ಲೆಕ್ಕ ತುಂಬುವುದಿಲ್ಲ ಎಂಬುದು ನಿಜ. ಆದರೆ ತಿಂಗಳ ಕೊನೆಗೆ ಬೆಟ್ಟ ಹತ್ತಲೇಬೇಕಾಗಿದೆ, ಜೊತೆಯವರ ಮುಂದೆ ಏದುಸಿರು ಬಿಡುವಂತಾಗಬಾರದು ಎಂಬ ಎಚ್ಚರವು ಮನುಷ್ಯನನ್ನು ದಿನನಿತ್ಯ ಬೆಳಗಿನ ನಡಿಗೆಗೆ ಎಬ್ಬಿಸುತ್ತದೆ. ಒಬ್ಬನೇ ಮಾಡಿಕೊಂಡ ಸಂಕಲ್ಪ ಎರಡನೆಯ ವಾರಕ್ಕೆ ಮುರಿದುಬೀಳುವುದು ಸಾಮಾನ್ಯ. ಹತ್ತು ಮಂದಿಯ ಎದುರಿಗೆ ಒಪ್ಪಿಕೊಂಡ ಮಾತು ಸುಲಭಕ್ಕೆ ತಪ್ಪುವುದಿಲ್ಲ. ಚಾರಣ ಬಳಗದ ಪ್ರಯೋಜನ ಮುಖ್ಯವಾಗಿ ಇಲ್ಲಿದೆ.

ಕಾರ್ಖಾನೆಯ ಊರುಗಳಲ್ಲಿ ಹುಟ್ಟಿದ ಪದ್ಧತಿ

ಗುಂಪುಗೂಡಿ ಬೆಟ್ಟ ಸುತ್ತುವ ಸಂಘಗಳು ಪ್ರಬಲವಾಗಿ ಬೆಳೆದದ್ದು ಇಂಗ್ಲೆಂಡಿನ ಕೈಗಾರಿಕಾ ನಗರಗಳಲ್ಲಿ ಎಂಬ ಸಂಗತಿ ಉದ್ಯಮಿಗಳಿಗೆ ಆಸಕ್ತಿಕರವಾಗಬಹುದು. ಉಕ್ಕಿಗೆ ಹೆಸರಾದ ಶೆಫೀಲ್ಡ್‌ನಲ್ಲಿ ಜಿ. ಎಚ್. ಬಿ. ವಾರ್ಡ್ ಎಂಬವರು 1900ರಲ್ಲಿ ‘ಕ್ಲಾರಿಯನ್ ರ‍್ಯಾಂಬ್ಲರ್ಸ್’ ಎಂಬ ಬಳಗವನ್ನು ಕಟ್ಟಿದರು. ವಾರವೆಲ್ಲ ಹೊಗೆಯ ನಡುವೆ ದುಡಿಯುತ್ತಿದ್ದ ಜನ ಭಾನುವಾರ ಬೆಟ್ಟಕ್ಕೆ ಹೊರಡುತ್ತಿದ್ದರು. ಆದರೆ ಬೆಟ್ಟಗಳ ಬಹುಭಾಗ ಜಮೀನ್ದಾರರ ಬೇಟೆಯ ಭೂಮಿಯಾಗಿದ್ದು ಅಲ್ಲಿ ಕಾಲಿಡಲು ಅವಕಾಶವಿರಲಿಲ್ಲ. 1932ರ ಏಪ್ರಿಲ್ 24ರಂದು ನೂರಾರು ಮಂದಿ ಕಿಂಡರ್ ಸ್ಕೌಟ್ ಎಂಬ ಬೆಟ್ಟದ ನಿಷೇಧಿತ ಭೂಮಿಯನ್ನು ಒಟ್ಟಾಗಿ ಪ್ರವೇಶಿಸಿದರು. ಐವರು ಸೆರೆಮನೆ ಕಂಡರು. 1935ರಲ್ಲಿ ಇಂಥ ಸಂಘಗಳ ರಾಷ್ಟ್ರಮಟ್ಟದ ಒಕ್ಕೂಟ ಸ್ಥಾಪನೆಯಾಯಿತು. 1949ರಲ್ಲಿ ರಾಷ್ಟ್ರೀಯ ಉದ್ಯಾನಗಳ ಕಾಯಿದೆ ಬಂದಿತು, 1951ರಲ್ಲಿ ಅದೇ ಬೆಟ್ಟದ ಸೀಮೆಯೇ ಅಲ್ಲಿನ ಮೊದಲ ರಾಷ್ಟ್ರೀಯ ಉದ್ಯಾನವಾಯಿತು. ಭಾನುವಾರದ ನಡಿಗೆಯ ಬಳಗವೊಂದು ಶಿಸ್ತಿನಿಂದ ನಡೆದುಕೊಂಡಲ್ಲಿ ಎಲ್ಲಿಯವರೆಗೆ ತಲುಪಬಹುದೆಂಬುದಕ್ಕೆ ಇದು ನಿದರ್ಶನ.

ನಮ್ಮಲ್ಲಿ ಬೆಟ್ಟ ಹತ್ತುವುದು ಹೊಸದೇನೂ ಅಲ್ಲ. ಹರಕೆ ಹೊತ್ತು ಶಿವಗಂಗೆ ಏರಿದವರು, ಕೊಡಚಾದ್ರಿಗೆ ಕಾಲ್ನಡಿಗೆಯಲ್ಲಿ ಹೋದವರು ಪ್ರತಿ ಮನೆತನದಲ್ಲೂ ಇದ್ದಾರೆ. ಮೈಸೂರಿನ ಚಾಮುಂಡಿ ಬೆಟ್ಟಕ್ಕೆ 17ನೇ ಶತಮಾನದಲ್ಲಿ ದೊಡ್ಡದೇವರಾಜ ಒಡೆಯರ ಕಾಲದಲ್ಲಿ ಹಾಕಿಸಿದ ಸುಮಾರು ಸಾವಿರ ಮೆಟ್ಟಿಲುಗಳನ್ನು ಇಂದಿಗೂ ಜನ ನಸುಕಿನಲ್ಲಿ ಏರುತ್ತಾರೆ. ಹೊಸ ಸದಸ್ಯರ ಸಾಮರ್ಥ್ಯವನ್ನು ಅಳೆಯಲು ಇಂಥ ಮೆಟ್ಟಿಲುಗಳಿಗಿಂತ ಉತ್ತಮ ತಕ್ಕಡಿ ಇಲ್ಲ. ಇಲ್ಲಿ ತಡೆಯಿಲ್ಲದೆ ಏರಿದವರು ಮುಂದೆ 1,226 ಮೀಟರ್ ಎತ್ತರದ ಸಾವನದುರ್ಗಕ್ಕೂ, ಅನಂತರ ಕೊಡಗಿನ ತಡಿಯಂಡಮೋಳ್ (1,748 ಮೀಟರ್), ನಾಡಿನ ಅತಿ ಎತ್ತರದ ಶಿಖರವಾದ ಮುಳ್ಳಯ್ಯನಗಿರಿ (1,930 ಮೀಟರ್) ಮೊದಲಾದವುಗಳಿಗೂ ಹಂತಹಂತವಾಗಿ ಸಿದ್ಧರಾಗಬಹುದು.

ಸಮಯದ ಆಯವ್ಯಯ

ಬೆಟ್ಟದ ನಡಿಗೆಯಲ್ಲಿ ಹಣಕ್ಕಿಂತಲೂ ಬಿಗಿಯಾಗಿ ಲೆಕ್ಕವಿಡಬೇಕಾದದ್ದು ಹಗಲಿನ ಬೆಳಕು. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಇದಕ್ಕೊಂದು ಸರಳ ಸೂತ್ರ ಕೊಟ್ಟರು: ಪ್ರತಿ ಮೂರು ಮೈಲಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 2,000 ಅಡಿ ಏರಿಗೆ ಇನ್ನೊಂದು ಗಂಟೆ. ಇಂದಿನ ಅಳತೆಯಲ್ಲಿ 5 ಕಿ.ಮೀ.ಗೆ ಒಂದು ಗಂಟೆ, 600 ಮೀಟರ್ ಏರಿಗೆ ಒಂದು ಗಂಟೆ ಎಂದು ಇಟ್ಟುಕೊಳ್ಳಬಹುದು. 10 ಕಿ.ಮೀ. ದಾರಿ ಸವೆಸಿ 900 ಮೀಟರ್ ಏರಬೇಕಾದಲ್ಲಿ ದೂರಕ್ಕೆ 2 ಗಂಟೆ, ಏರಿಗೆ ಒಂದೂವರೆ ಗಂಟೆ, ಒಟ್ಟು ಮೂರೂವರೆ ಗಂಟೆ.

ಈ ಸೂತ್ರವು ಗಟ್ಟಿ ಕಾಲಿನವರಿಗೆ ಹೇಳಿದ್ದು. ಐವತ್ತು ದಾಟಿದವರೂ ಇರುವ ಹದಿನೈದಿಪ್ಪತ್ತು ಜನರ ಗುಂಪಿಗೆ ಅದರ ಮೇಲೆ ಅರ್ಧದಷ್ಟು ಸೇರಿಸಿಕೊಳ್ಳುವುದು ವಿವೇಕ. ಆಗ ಮೂರೂವರೆ ಗಂಟೆ ಐದೂಕಾಲು ಗಂಟೆಯಾಗುತ್ತದೆ. ಬೆಳಿಗ್ಗೆ 7ಕ್ಕೆ ಹೊರಟರೆ ತುದಿ ತಲುಪುವುದು 12.15ಕ್ಕೆ. ಇದರ ಆಧಾರದ ಮೇಲೆ ಹಿಂದಿರುಗುವ ವೇಳೆಯನ್ನು ಮೊದಲೇ ಗೊತ್ತುಪಡಿಸಿ ಎಲ್ಲರಿಗೂ ತಿಳಿಸಿರಬೇಕು. ತುದಿ ಮುಟ್ಟಿರಲಿ, ಬಿಟ್ಟಿರಲಿ, ಆ ವೇಳೆಗೆ ಗುಂಪು ತಿರುಗಲೇಬೇಕು.

ಈ ನಿಯಮದ ಬೆಲೆ ಎಷ್ಟೆಂಬುದನ್ನು ನಮ್ಮ ಬಳಗವು ಕುದುರೆಮುಖದ ಹಾದಿಯಲ್ಲಿ ಕಂಡುಕೊಂಡಿತು. ಮಳೆಗಾಲ ಇನ್ನೂ ಪೂರ್ತಿ ಹಿಂದೆ ಸರಿಯದ ಸೆಪ್ಟೆಂಬರ್ ತಿಂಗಳು. ಮುಳ್ಳೋಡಿಯಿಂದ ಹೊರಟ ನಾವು ಹದಿನೆಂಟು ಮಂದಿ. ಹಿಂದಿರುಗುವ ವೇಳೆ 12.30 ಎಂದು ತೀರ್ಮಾನವಾಗಿತ್ತು. ಹಳ್ಳಗಳನ್ನು ದಾಟಿ, ಒಂಟಿಮರವನ್ನು ಹಿಂದಿಕ್ಕಿ, ಹುಲ್ಲುಗಾವಲಿನ ಏರು ಹತ್ತಿ ಹೋಗುವಷ್ಟರಲ್ಲಿ ಮಂಜು ಮುಸುಕಿ ಮಳೆ ಹಿಡಿಯಿತು. ಗಡಿಯಾರ ಹನ್ನೆರಡೂವರೆ ತೋರಿಸಿದಾಗ ಶಿಖರಕ್ಕೆ ಅರ್ಧ ಗಂಟೆಯ ದಾರಿ ಉಳಿದಿತ್ತು. ಪ್ಲಾಸ್ಟಿಕ್ ಅಚ್ಚುಗಳನ್ನು ತಯಾರಿಸುವ ನಮ್ಮ ತರುಣ ಮಿತ್ರರೊಬ್ಬರು, “ಇಷ್ಟು ದೂರ ಬಂದು ಬರಿಗೈಲಿ ಹೋಗೋದಾ ಸಾರ್? ಅರ್ಧ ಗಂಟೆ ತಾನೆ?” ಎಂದರು. ಅಂದಿನ ನಾಯಕತ್ವ ವಹಿಸಿದ್ದವರು ಅರವತ್ತರ ಸಮೀಪದ ಹಾರ್ಡ್‌ವೇರ್ ವರ್ತಕರು. ಅವರು, “ಸಾಲ ಕೊಡೋವಾಗ ಹಾಕಿದ ಮಿತಿಯನ್ನ ಗಿರಾಕಿ ಮುಖ ನೋಡಿ ಸಡಿಲ ಮಾಡ್ತೀರೇನಪ್ಪ? ಬೆಟ್ಟ ಇಲ್ಲೇ ಇರುತ್ತೆ, ಮುಂದಿನ ವರ್ಷ ಬರೋಣ” ಎಂದು ಹೇಳಿ ಮೊದಲಿಗರಾಗಿ ತಿರುಗಿದರು. ಅಸಮಾಧಾನವಿದ್ದರೂ ಎಲ್ಲರೂ ಹಿಂಬಾಲಿಸಿದರು. ಬೆಳಿಗ್ಗೆ ಪಾದ ಮುಳುಗುವಷ್ಟಿದ್ದ ಕೊನೆಯ ಹಳ್ಳ ನಾವು ಮರಳುವ ವೇಳೆಗೆ ಮೊಣಕಾಲು ಮೀರಿ ಕೆಂಪಾಗಿ ಹರಿಯುತ್ತಿತ್ತು. ಮಾರ್ಗದರ್ಶಿ ಹಿಡಿದ ಹಗ್ಗದ ಆಸರೆಯಲ್ಲಿ ಒಬ್ಬೊಬ್ಬರಾಗಿ ದಾಟಿದೆವು. ಮುಕ್ಕಾಲು ಗಂಟೆಯ ತರುವಾಯ ನಾವು ಕುಳಿತಿದ್ದ ಮನೆಯ ಜಗಲಿಗೆ ಬಂದ ಊರವರೊಬ್ಬರು ಹಳ್ಳ ಈಗ ಸೊಂಟದ ಮಟ್ಟಕ್ಕೆ ಏರಿದೆಯೆಂದು ತಿಳಿಸಿದರು. ಆ ತರುಣ ಮಿತ್ರರು ಏನೂ ಹೇಳಲಿಲ್ಲ. ಮುಂದಿನ ತಿಂಗಳಿನಿಂದ ವೇಳೆ ನೋಡಿ ಕೂಗುವ ಕೆಲಸವನ್ನು ಅವರೇ ವಹಿಸಿಕೊಂಡರು.

ಇದು ಉತ್ಪ್ರೇಕ್ಷೆಯಲ್ಲ. 2018ರ ಮಾರ್ಚ್‌ನಲ್ಲಿ ತಮಿಳುನಾಡಿನ ತೇನಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಕಾಳ್ಗಿಚ್ಚಿಗೆ ಸಿಲುಕಿ ಚಾರಣಿಗರು ಪ್ರಾಣ ಕಳೆದುಕೊಂಡರು. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್ ಹಾದಿಯಲ್ಲಿ ಹವಾಮಾನ ಕೆಟ್ಟು, ಕರ್ನಾಟಕದಿಂದ ತೆರಳಿದ್ದ ತಂಡದ 9 ಮಂದಿ ಮೃತಪಟ್ಟರು. ಬೆಟ್ಟವು ಅನುಭವಿಗಳಿಗೂ ರಿಯಾಯಿತಿ ತೋರುವುದಿಲ್ಲ.

ಮುಂದಾಳು ಮತ್ತು ಹಿಂದಾಳು

ಉತ್ತಮ ಬಳಗದಲ್ಲಿ ಇಬ್ಬರು ಜವಾಬ್ದಾರರು ಇರುತ್ತಾರೆ. ಹಾದಿ ಬಲ್ಲ ಮುಂದಾಳು ಮೊದಲು ನಡೆದರೆ, ತಾಳ್ಮೆಯುಳ್ಳ ಹಿಂದಾಳು ಎಲ್ಲರಿಗಿಂತ ಕೊನೆಯಲ್ಲಿ ನಡೆಯುತ್ತಾನೆ. ಹಿಂದಾಳುವಿನ ಹಿಂದೆ ಯಾರೂ ಉಳಿಯಕೂಡದು, ಮುಂದಾಳುವಿನ ಮುಂದೆ ಯಾರೂ ಓಡಕೂಡದು. ಪ್ರತಿ ತಂಗುವೆಡೆಯಲ್ಲೂ ತಲೆ ಎಣಿಸಬೇಕು. ಗುಂಪಿನ ವೇಗವು ಅತ್ಯಂತ ನಿಧಾನವಾಗಿ ನಡೆಯುವವರ ವೇಗವೇ ಹೊರತು ಸರಾಸರಿಯಲ್ಲ. ಕೊನೆಯವರು ಬಂದು ತಲುಪಿದೊಡನೆ ಮುಂದಿನವರು ಎದ್ದು ಹೊರಟುಬಿಡುವುದು ಹಲವೆಡೆ ಕಾಣುವ ದೋಷ. ಇದರಿಂದ ವಿಶ್ರಾಂತಿ ಅತ್ಯಗತ್ಯವಾದವರಿಗೇ ವಿಶ್ರಾಂತಿ ಇಲ್ಲದಂತಾಗುತ್ತದೆ. ಕೊನೆಯವರು ಬಂದ ಮೇಲೆ ಐದು ನಿಮಿಷ ಕಾಯುವುದು ನಮ್ಮ ಬಳಗದ ಕಡ್ಡಾಯ ನಿಯಮ.

ಹೃದ್ರೋಗ, ರಕ್ತದೊತ್ತಡ, ಸಕ್ಕರೆ ಕಾಯಿಲೆ ಇರುವವರು ವೈದ್ಯರನ್ನು ಕಂಡ ನಂತರವೇ ಹೊರಡಬೇಕು. ತಮ್ಮ ಔಷಧಿಯ ವಿವರವನ್ನು ಹಿಂದಾಳುವಿಗೆ ತಿಳಿಸಿರಬೇಕು. ತಲಾ 2 ಲೀಟರ್ ನೀರು, ಅವಲಕ್ಕಿ ಅಥವಾ ಚಪಾತಿ ಚಟ್ನಿಪುಡಿ, ಬೆಲ್ಲ, ಕಡಲೆಕಾಯಿ, ಬ್ಯಾಟರಿ, ಮಳೆಯಂಗಿ, ಹಿಡಿತವುಳ್ಳ ಪಾದರಕ್ಷೆ, ಮಲೆನಾಡಿನ ಇಂಬಳಗಳಿಗಾಗಿ ಉಪ್ಪಿನ ಪೊಟ್ಟಣ – ಇಷ್ಟಿದ್ದರೆ ಸಾಕು. ಒಯ್ದ ಪ್ಲಾಸ್ಟಿಕ್ ಅನ್ನು ಮರಳಿ ಊರಿಗೆ ತರುವುದು ಸದಸ್ಯತ್ವದ ಷರತ್ತಾಗಿರಲಿ.

ಅರಣ್ಯ ಇಲಾಖೆಯ ಅನುಮತಿ

ಕುಮಾರಪರ್ವತವು ಪುಷ್ಪಗಿರಿ ವನ್ಯಜೀವಿಧಾಮದಲ್ಲಿದೆ, ಕುದುರೆಮುಖವು ರಾಷ್ಟ್ರೀಯ ಉದ್ಯಾನದಲ್ಲಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಇಂಥ ಪ್ರದೇಶಗಳನ್ನು ಅನುಮತಿಯಿಲ್ಲದೆ ಪ್ರವೇಶಿಸುವುದು ಅಪರಾಧ. 2024ರ ಜನವರಿಯ ಕೊನೆಯ ವಾರಾಂತ್ಯದಲ್ಲಿ ಕುಮಾರಪರ್ವತದ ಹಾದಿಯಲ್ಲಿ ಸಾವಿರಾರು ಜನ ಒಮ್ಮೆಲೇ ನೆರೆದ ನಂತರ, ಆನ್‌ಲೈನ್ ನೋಂದಣಿ ವ್ಯವಸ್ಥೆಯಿಲ್ಲದ ಹಾದಿಗಳಲ್ಲಿ ಸರ್ಕಾರವು ಚಾರಣವನ್ನು ತಾತ್ಕಾಲಿಕವಾಗಿ ನಿಲ್ಲಿಸಿತು. ಅದೇ ವರ್ಷ ‘ಅರಣ್ಯ ವಿಹಾರ’ ಎಂಬ ಆನ್‌ಲೈನ್ ವ್ಯವಸ್ಥೆಯನ್ನು ತಂದಿತು. ದಿನಕ್ಕೆ ಇಷ್ಟೇ ಜನ ಎಂಬ ಮಿತಿಯನ್ನು ತೊಡಕೆಂದು ಭಾವಿಸದೆ, ಬೆಟ್ಟದ ಆಯಸ್ಸನ್ನು ಹೆಚ್ಚಿಸುವ ಕ್ರಮವೆಂದು ತಿಳಿಯಬೇಕು. ನೋಂದಣಿ, ಶುಲ್ಕ ಪಾವತಿ, ಗುರುತಿನ ಚೀಟಿಗಳನ್ನು ಒಬ್ಬ ಸದಸ್ಯರೇ ಮುಂಚಿತವಾಗಿ ನೋಡಿಕೊಳ್ಳುವುದು ಅನುಕೂಲ.

ಲೆಕ್ಕಪತ್ರ ಮತ್ತು ತೆರಿಗೆ

ಸ್ನೇಹಿತರ ಬಳಗಗಳು ಒಡೆಯುವುದು ಬಹುಪಾಲು ಹಣದ ವಿಷಯದಲ್ಲಿ. ವಾಹನ, ಊಟ, ಮಾರ್ಗದರ್ಶಿಯ ಸಂಭಾವನೆ ಇವುಗಳ ಖರ್ಚನ್ನು ಹಾಜರಾದವರ ಮೇಲೆ ಸಮನಾಗಿ ಹಂಚಿ, ಮರುದಿನವೇ ಎಲ್ಲರಿಗೂ ಲೆಕ್ಕ ಕಳುಹಿಸಿದಲ್ಲಿ ಮನಸ್ತಾಪಕ್ಕೆ ಎಡೆಯಿಲ್ಲ. ಬಳಗ ಬೆಳೆದು ಠೇವಣಿ ಇರಿಸುವ ಮಟ್ಟ ತಲುಪಿದಾಗ ಕರ್ನಾಟಕ ಸಂಘಗಳ ನೋಂದಣಿ ಕಾಯಿದೆ, 1960ರ ಅಡಿಯಲ್ಲಿ ಕನಿಷ್ಠ 7 ಮಂದಿ ಸೇರಿ ನೋಂದಾಯಿಸಬಹುದು. ಆ ನಂತರ ವಾರ್ಷಿಕ ಮಹಾಸಭೆ, ಅಢಾವೆ ಪತ್ರಿಕೆ, ರಿಜಿಸ್ಟ್ರಾರರಿಗೆ ವರದಿ ಸಲ್ಲಿಕೆ ಇವು ತಪ್ಪಬಾರದು.

ಸದಸ್ಯರು ತಮಗಾಗಿ ತಾವೇ ಕೂಡಿಸಿದ ಹಣದಲ್ಲಿ ಉಳಿದ ಮಿಗತೆಗೆ ಪರಸ್ಪರತೆಯ ತತ್ವದಂತೆ ಆದಾಯ ತೆರಿಗೆ ಇಲ್ಲ. ಸರ್ವೋಚ್ಚ ನ್ಯಾಯಾಲಯವು 1997ರ ಬಂಕಿಪುರ್ ಕ್ಲಬ್ ಪ್ರಕರಣದಲ್ಲಿ ಇದನ್ನು ಎತ್ತಿಹಿಡಿದಿದೆ. ಆದರೆ ಬ್ಯಾಂಕಿನಲ್ಲಿರಿಸಿದ ಠೇವಣಿಯ ಬಡ್ಡಿಗೆ ಈ ತತ್ವ ಅನ್ವಯಿಸದೆಂದು 2013ರ ಬೆಂಗಳೂರು ಕ್ಲಬ್ ಪ್ರಕರಣದಲ್ಲಿ ತೀರ್ಪು ಬಂದಿದೆ. ಸದಸ್ಯರಲ್ಲದವರಿಂದ ಶುಲ್ಕ ಪಡೆದು ಕರೆದೊಯ್ದರೆ ಆ ಆದಾಯಕ್ಕೂ ವಿನಾಯಿತಿ ಸಿಗುವುದಿಲ್ಲ. ಸಂಘ ಮತ್ತು ಸದಸ್ಯರ ನಡುವಣ ವ್ಯವಹಾರವನ್ನು ಜಿಎಸ್‌ಟಿಗೆ ಒಳಪಡಿಸಿ 2021ರಲ್ಲಿ ಮಾಡಿದ ತಿದ್ದುಪಡಿಯನ್ನು ಕೇರಳ ಉಚ್ಚ ನ್ಯಾಯಾಲಯವು 2025ರಲ್ಲಿ ಅಸಾಂವಿಧಾನಿಕವೆಂದು ಹೇಳಿದೆ. ಹೇಗಿದ್ದರೂ ಸೇವೆಗಳ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ಮೀರದ ಸಣ್ಣ ಬಳಗಕ್ಕೆ ಸಾಮಾನ್ಯವಾಗಿ ನೋಂದಣಿಯ ಚಿಂತೆಯಿಲ್ಲ.

“ಚಾರಣದ ಖರ್ಚನ್ನು ಅಂಗಡಿಯ ಲೆಕ್ಕಕ್ಕೆ ಹಾಕಬಹುದೇ?” ಎಂಬ ಪ್ರಶ್ನೆ ನನಗೆ ಬೆಟ್ಟದ ಬುಡದಲ್ಲೇ ಹಲವು ಸಲ ಎದುರಾಗಿದೆ. ಮಾಲೀಕರ ಸ್ವಂತ ಖರ್ಚು ವ್ಯವಹಾರದ ಖರ್ಚಲ್ಲ; ಅದನ್ನು ಸ್ವಂತ ಖಾತೆಗೇ ಖರ್ಚು ಬರೆಯಬೇಕು. ನೌಕರರೆಲ್ಲರನ್ನೂ ಕರೆದೊಯ್ದಲ್ಲಿ ಅದನ್ನು ನೌಕರರ ಕ್ಷೇಮಾಭಿವೃದ್ಧಿ ವೆಚ್ಚವೆಂದು ತೋರಿಸಲು ಅವಕಾಶವುಂಟು. ಕ್ಲಬ್ಬಿನ ಸದಸ್ಯತ್ವ ಶುಲ್ಕದ ಮೇಲಿನ ಜಿಎಸ್‌ಟಿಗೆ ಹೂಡುವಳಿ ತೆರಿಗೆ ಜಮೆ ಸಿಗುವುದಿಲ್ಲ. ಇವೆಲ್ಲಕ್ಕಿಂತ ಮುಖ್ಯವಾದದ್ದು ಸದಸ್ಯರೆಲ್ಲರಿಗೂ ಗುಂಪು ಅಪಘಾತ ವಿಮೆ. ಚಾರಣವು ಅದರ ವ್ಯಾಪ್ತಿಗೆ ಸೇರಿದೆಯೇ ಎಂಬುದನ್ನು ಪಾಲಿಸಿಯ ಷರತ್ತುಗಳಲ್ಲಿ ಓದಿ ಖಚಿತಪಡಿಸಿಕೊಳ್ಳಬೇಕು.

ಮಂಡಳಿಗಳು ಮಾಡಬಹುದಾದದ್ದು

ಒಂದೇ ಬೀದಿಯಲ್ಲಿ ಎದುರುಬದುರು ಅಂಗಡಿಯಿಟ್ಟು ಹತ್ತು ವರ್ಷ ಮಾತನಾಡದಿದ್ದವರು ಬೆಟ್ಟದ ಮೇಲೆ ಒಂದೇ ಡಬ್ಬಿಯ ಚಿತ್ರಾನ್ನ ಹಂಚಿಕೊಂಡದ್ದನ್ನು ನಾನು ಕಂಡಿದ್ದೇನೆ. ಪರಸ್ಪರ ವಿಶ್ವಾಸವೇ ಬಂಡವಾಳವಾದ ವರ್ತಕ ಸಮುದಾಯಕ್ಕೆ ಇದು ಕಡಿಮೆ ಲಾಭವಲ್ಲ. ಆದಕಾರಣ ಪ್ರತಿಯೊಂದು ವಾಣಿಜ್ಯ ಮಂಡಳಿಯೂ ತನ್ನ ಆಶ್ರಯದಲ್ಲಿ ಒಂದು ಚಾರಣ ಬಳಗವನ್ನು ಆರಂಭಿಸುವುದು ಸೂಕ್ತ. ಜಿಎಸ್‌ಟಿ ವಿವರಪಟ್ಟಿಗಳು ಸಲ್ಲಿಕೆಯಾಗುವ 20ನೇ ತಾರೀಖಿನ ನಂತರದ ಮೊದಲ ಭಾನುವಾರವನ್ನು ನಡಿಗೆಗೆ ಮೀಸಲಿಡಬಹುದು. ಮೊದಲ ಮೂರು ತಿಂಗಳು ಊರ ಸಮೀಪದ ಸಣ್ಣ ಗುಡ್ಡಗಳೇ ಸಾಕು. ಮುಂದಾಳು, ಹಿಂದಾಳುಗಳಾಗಿ ಇಬ್ಬರನ್ನು ಆರಿಸಿ ಪ್ರಥಮ ಚಿಕಿತ್ಸೆಯ ತರಬೇತಿ ಕೊಡಿಸಬೇಕು. ಹಿಂದಿರುಗುವ ವೇಳೆಯನ್ನು ಬರವಣಿಗೆಯಲ್ಲಿ ಹೊರಡಿಸಬೇಕು. ಆಸಕ್ತ ಸದಸ್ಯರು ಮಂಡಳಿಯ ಕಚೇರಿಯಲ್ಲಿ ಹೆಸರು ನೀಡಿದಲ್ಲಿ, ಏಳು ಮಂದಿಯಾದ ಕೂಡಲೇ ಮೊದಲ ನಡಿಗೆಯ ದಿನಾಂಕವನ್ನು ಗೊತ್ತುಪಡಿಸಬಹುದು.